ಪಾಟಿಯ ಮೇಲಿನ ನೀರು

ತೊಟ್ಟಿಕ್ಕುತ್ತಿದೆ ಇನ್ನೂ, ಮೆಟ್ಟಿಲಿಗೆ ಆನಿಸಿಟ್ಟ ಪಾಟಿಯ ಮೂಲೆಯಿಂದ, ಬಳಪದ ಬಿಳಿ ನೀರು, ಅದನ್ನು ನೋಡಬಾರದು, ಬೇವಿನ ಎಲೆ ನೋಡುತ್ತೇನೆ, ಬೆಳಿಗ್ಗೆ ಅಷ್ಟು ಗುಡಿಸಿದರೂ ಶಾಲೆಯ ಅಂಗಳದ ತುಂಬ ಮತ್ತೆ ಉದುರಿವೆ, ಉದುರ್ರವ್ವಾ ಉದುರ್ರಿ, ದಿಪೋಟಿ ಸಾಹೇಬರು ಹಿರೇಕೆರೂರಿನಿಂದ ಪರೀಕ್ಷೆ ಮಾಡಲು ಬಂದ ದಿನವೇ ನಿಮಗೂ ಸಡಗರ — ಏ ಚೌಡವ್ವಾ, ಕಸಾ ಹೊಡದಿದ್ದಾತಿಲ್ಲ, ಬೇಲಿ ಆಚೀಕ ನಿಂದರು, ಅಂದರು ಮಾಸ್ತರರು, ನಿಂತಿದ್ದೇನೆ, ನಮ್ಮ ಕೇರಿಯವರ ಕಸಬರಿಗೆಗೆ ಅಂಗಳದಲ್ಲಿ ಕೆಲಸವಿದೆ, ಕಾಲಿಗಿಲ್ಲ. ಪಡಸಾಲೆಯ ತುದಿಗೆ ಗೋಣಿಚೀಲದ ಮೇಲೆ ನನ್ನ ಮಗಳು ಕರೆವ್ವ ಒಬ್ಬಳೇ, ಉಳಿದ ಮಕ್ಕಳೆಲ್ಲ ಒಳಗೆ, ಸೇರಿಸ್ಕೋರಿ ಅಂತ ಸರಕಾರ ಹುಕುಂ ಮಾಡೈತಿ, ಸೇರಿಸ್ಕೊಂಡೀವಿ, ಒಳಗ ಕುಂದರಸ್ರಿ ಅಂತ ಹುಕುಮಿನ್ಯಾಗ ಇಲ್ಲಲ್ಲ, ಇದು ಮಾಸ್ತರರ ನಾಲ್ಕು ವರ್ಷದ ಹಿಂದಿನ ಮಾತು, ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಲೇಸು ಅಂತ ಆವತ್ತು ನಾನೂ ತಲೆಯಾಡಿಸಿದ್ದೆ. ಇವತ್ತು ಪಾಸಾದರೆ ಪ್ಯಾಟೆಯ ಬೋರ್ಡಿಂಗು, ಎರಡು ಹೊತ್ತು ಊಟ, ಐದನೇ ಇಯತ್ತೆ, ನಪಾಸಾದರೆ ಸೋಮವಾರದಿಂದ ಗೌಡರ ದನದ ಕೊಟ್ಟಿಗೆ, ಗಂಡ ಮಲ್ಲೇಶಪ್ಪ ಒಂದೇ ಮಾತು ಹೇಳಿದ್ದಾನೆ, ಇದೊಂದ ಸಲ ನೋಡೂಣು, ಮುಂದ ನನ್ನ ಕೇಳಬ್ಯಾಡ.

ಬರೆದಿದ್ದಳು, ನಾನೇ ಕಂಡೆ. ಒಂದು ಬಂಡಿಗೆ ಹದಿನೇಳು ಚೀಲ, ಎಂಟು ಬಂಡಿಗೆಷ್ಟು ಅಂತ ಸಾಹೇಬರು ಒಳಗಿಂದ ಕೂಗಿದಾಗ ಇವಳ ತುಟಿ ಕುಣಿಯಿತು, ಮಗ್ಗಿ ಇವಳ ಬಾಯಲ್ಲಿ ನೀರು ಹರಿದಂತೆ, ಛೇ, ನೀರು ಬೇಡ — ಬರೆದು ಪಾಟಿ ಎತ್ತಿ ನನ್ನ ಕಡೆ ತಿರುಗಿಸಿ ನಕ್ಕಳು, ಮೂರು ಅಂಕಿ, ಮೊದಲಿನದು ಬಾಯಿ ಬಿಟ್ಟ ಬಳೆಯಂಥ ಒಂದು, ಅವ್ವಾ ಇದು ನೂರರ ಕೈಬಳಿ ನೋಡಬೇ, ಅಂತ ಒಲೆಯ ಬೂದಿಯಲ್ಲಿ ಬರೆದು ಕಲಿಸಿದವಳು ಅವಳೇ, ನನಗೆ ಗೊತ್ತಿರುವುದು ಅದೊಂದೇ ಅಂಕಿ. ನಾಲ್ಕು ವರ್ಷ ಮಾಸ್ತರರು ಅವಳ ಪಾಟಿ ಮುಟ್ಟಿದವರಲ್ಲ, ಓದಿ ಹೇಳು, ಅನ್ನುವರು, ಅವಳು ಹೇಳುವಳು, ಸರಿ ಐತಿ ಕುಂದರು, ಮುಗಿಯಿತು, ಇವತ್ತು ಮಾತ್ರ ಪಾಟಿ ಸಾಹೇಬರ ಮೇಜಿಗೇ ಹೋಗಬೇಕು. ಮೆಟ್ಟಿಲ ಮೇಲಿಟ್ಟು ಹಿಂದೆ ಸರಿದಳು. ಮಾಸ್ತರರು ತಂಬಿಗೆ ತಂದರು. ಶ್ರಾವಣದಲ್ಲಿ ನಾವು ಕೊಟ್ಟ ಸೌತೆಕಾಯಿಗೂ ಮೈಲಿಗೆ ಹೋಗಲೆಂದು ಹೀಗೇ ನೀರು ಚಿಮುಕಿಸಿ ಎತ್ತಿಕೊಂಡಿದ್ದರು, ಸೌತೆಕಾಯಿಗೇನು, ತೊಳೆದಂತಾಯಿತು, ಆದರೆ ಇದು ಪಾಟಿಯಲ್ಲವೇ, ಬಳಪದ ಅಕ್ಷರವಲ್ಲವೇ, ಅವರ ಕೈಗೆ ರೂಢಿ, ನೀರು ಸುರಿದೇಬಿಟ್ಟಿತು, ಬಳೆ ಕರಗಿತು, ಉಳಿದ ಎರಡೂ ಕರಗಿದವು, ಅವರು ಪಾಟಿ ಬಾಗಿಸಿ ನೀರು ಸೋರಿಸಿ ಎರಡೇ ಬೆರಳಲ್ಲಿ ಹಿಡಿದು ಒಯ್ದರು.

ಇದರಾಗ ಏನೂ ಇಲ್ಲಲ್ರೀ ಮಾಸ್ತರ, ಅಂದರು ಸಾಹೇಬರು, ಮಾಸ್ತರರು ಒಮ್ಮೆ ತಂಬಿಗೆ ನೋಡಿದರು, ಒಮ್ಮೆ ಸಾಹೇಬರ ಮುಖ ನೋಡಿದರು, ಗೊತ್ತಾಯಿತು ಅವರಿಗೆ, ನನ್ನಾಣೆ ಗೊತ್ತಾಯಿತು, ಆದರೂ, ಬರದಿಲ್ರಿ, ಅಂದರು. ಸಾಹೇಬರು ಕೆಟ್ಟವರಲ್ಲ, ಬಾಗಿಲಿಗೇ ಬಂದು ಕೇಳಿದರು, ಯಾಕವಾ ತಂಗಿ, ಬರೂದಿಲ್ಲೇನು? ಹೇಳೇ ಕರೆವ್ವಾ, ನೂರಾ ಮೂವತ್ತಾರು ಅನ್ನು, ನಿನ್ನ ಮಗ್ಗಿ ಕೇಳಿ ಕೇಳಿ ನನಗೂ ಬಾಯಿಪಾಠ, ದಿನಾ ಬಾಯಲ್ಲೇ ಹೇಳುವವಳು ಇವತ್ತೊಂದು ಸಲ ಹೇಳೇ — ಅವಳು ನನ್ನ ಕಡೆ ನೋಡಿದಳು, ಬೆಳಿಗ್ಗೆ ತಲೆಗೆ ಎಣ್ಣೆ ಹಚ್ಚುತ್ತ ತುಟಿಗೆ ಬೆರಳಿಟ್ಟು ಹೇಳಿಕೊಟ್ಟವಳು ನಾನು, ಸಾಹೇಬರ ಮುಂದ ಬಾಯಿ ತಗೀಬ್ಯಾಡ, ಎದುರ ಮಾತಾಡಿದ್ರ ಹೆಸರ ಹೊಡದ ಹಾಕ್ತಾರ, ಹೂಂ ಅವ್ವಾ ಅಂದಿದ್ದಳು, ಹೇಳಿದ ಮಾತು ಮೀರದ ಮಗಳು. ಎಪ್ಪಾ ಬರದಿತ್ತರೀ, ನಾ ಕಂಡೇನಿ, ಅಂತ ನನ್ನ ನಾಲಿಗೆ ತುದಿಗೆ ಬಂತು, ಅಲ್ಲೇ ನಿಂತಿತು, ಅಕ್ಷರ ಅರಿಯದವಳು ಏನು ಕಂಡೆ ಅಂದರೆ ಏನು ಹೇಳಲಿ, ಬಳೆ ಕಂಡೆ ಅನ್ನಲೇ, ಕಾಲು ಬೇಲಿ ದಾಟುತ್ತಿಲ್ಲ. ಸಾಹೇಬರು ದಪ್ಪ ಪುಸ್ತಕದಲ್ಲಿ ಏನೋ ಗೀಚಿದರು, ಮುಂದಿನ ಹೆಸರು ಕೂಗಿದರು, ಮಾಸ್ತರರು ಪಾಟಿ ತಂದು ಮೆಟ್ಟಿಲಿಗೆ ಆನಿಸಿ ಕೈ ತೊಳೆದುಕೊಂಡರು, ಕರೆವ್ವ ಅದನ್ನು ಮುಟ್ಟಲಿಲ್ಲ, ನೋಡುತ್ತ ಕೂತಿದ್ದಾಳೆ, ನಾನೂ ಎಲೆ ನೋಡುತ್ತೇನೆ, ಬೇವಿನ ಎಲೆ, ಎಲೆಯ ಪಕ್ಕದಲ್ಲಿ, ನಾನು ಗುಡಿಸಿದ ಮಣ್ಣಿನ ಮೇಲೆ, ಬಿಳಿ ಹನಿ, ಇನ್ನೊಂದು, ಮೂಲೆಯಲ್ಲಿ ತುಂಬಿಕೊಳ್ಳುತ್ತಿದೆ, ದುಂಡಗೆ, ಬಳೆಯಷ್ಟು ದುಂಡಗೆ, ಬಿತ್ತು, ಬಿಳಿ ಹನಿ, ಮತ್ತೆ