ಎಲ್ಲರ ಮಾತು ಕೇಳಿದ ಶಿವದೇವಿ

ಶಿವದೇವಿ ಯಾವುದನ್ನೂ ಬಾಯಿಗಿಡುವ ಮೊದಲು ಮೂಗಿಗೆ ಹಿಡಿಯುತ್ತಿದ್ದಳು. ನಾರಾಯಣಗೂಡದ ತರಕಾರಿ ಗಾಡಿಯ ಮುಂದೆ ನಿಂತು, ಒಂದೊಂದೇ ಸೋರೆಕಾಯಿಯನ್ನು ಎತ್ತಿ, ಔಷಧಿ ಹೊಡೆದದ್ದೋ ಅಲ್ಲವೋ ಎಂದು ಮೂಸಿ ನೋಡುವಾಗ ಗಾಡಿಯವನು ತೆಲುಗಿನಲ್ಲಿ ಗೊಣಗುತ್ತಿದ್ದ, ಇವಳು ಕಿವಿಗೊಡುತ್ತಿರಲಿಲ್ಲ. ಏಪ್ರಿಲ್ ತಿಂಗಳ ಉರಿಬಿಸಿಲಿನಲ್ಲೂ ಗಂಡನ ಕಾರ್ಖಾನೆಯವರು ಕೊಟ್ಟ ನೀಲಿ ಸ್ವೆಟರ್ ತೊಟ್ಟು, ಒಲೆಯ ಮೇಲೆ ಹಾಲಿಟ್ಟು ಬಂದವಳಂತೆ ದಾಪುಗಾಲು ಹಾಕುವ ಆ ಕೃಶಕಾಯವನ್ನು ಕಂಡು ಹೊಸಬರು ನಗುತ್ತಿದ್ದರು. ಚಳಿ ತಡೆಯುವಷ್ಟು ಮಾಂಸವೂ ಅವಳ ಮೈಮೇಲೆ ಉಳಿದಿಲ್ಲವೆಂದು ಅವರಿಗೇನು ಗೊತ್ತು!

ಇದೇ ಶಿವದೇವಿ ಎರಡು ವರ್ಷಗಳ ಹಿಂದೆ, ಸಾಕು ಸಾಕೆಂದು ತಟ್ಟೆಗೆ ಅಡ್ಡ ಹಿಡಿದವರ ಕೈ ಸರಿಸಿ, ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದವಳು. ಸಿಂದಗಿ ಕಡೆಯ ಹೆಣ್ಣು, ಗಂಡನ ಕೆಲಸದ ಬೆನ್ನಿಗೆ ನಮ್ಮಂತೆ ಈ ತೆಲುಗು ಊರಿಗೆ ಬಂದವಳು. ಯಾರ ಮಾತನ್ನೂ ತೆಗೆದುಹಾಕಿ ಗೊತ್ತಿಲ್ಲ. ಯಾರು ಏನೇ ಹೇಳಲಿ, "ಆತ್ರಿ, ಹಂಗ ಮಾಡ್ತೀನ್ರಿ" ಎನ್ನುವುದು ಅವಳಿಗೆ ಉಸಿರಾಟದಷ್ಟೇ ಸಹಜ. ಆ ವಿನಯವನ್ನು ನಾವೆಲ್ಲ ಹೊಗಳಿದ್ದೇ ಹೊಗಳಿದ್ದು. ಅದೇ ಅವಳಿಗೆ ಮುಳುವಾಯಿತು.

ಸ್ತನ ಕ್ಯಾನ್ಸರ್ ಎಂದು ಗೊತ್ತಾದ ವಾರದಲ್ಲೇ ನಮ್ಮ ಕಡೆಯ ಮಂದಿ ವಾಡಿಕೆಯಂತೆ ಮಾತಾಡಿಸಲು ಬರತೊಡಗಿದರು. ಚಹಾ ಕುಡಿದು ಬಟ್ಟಲು ಕೆಳಗಿಟ್ಟವರೆಲ್ಲ ಕೇಳುತ್ತಿದ್ದದ್ದು ಒಂದೇ: "ಅಲ್ರೀ, ಏನ್ ತಿಂತಿದ್ರಿ ನೀವು?" ರೋಗವೆಂದರೆ ಉಪ್ಪು ಹೆಚ್ಚಾದ ಸಾರೇ? ಆದರೂ ಆ ಪ್ರಶ್ನೆಗೆ ಅವಳು ತಲೆ ತಗ್ಗಿಸುತ್ತಿದ್ದಳು. ಹೋಗುವಾಗ ಒಬ್ಬೊಬ್ಬರೂ ಒಂದೊಂದು ನಿಷೇಧವನ್ನು ಬಿಟ್ಟುಹೋದರು. ಎದುರು ಮನೆಯ ಗಂಗಾಬಾಯಿ ಅನ್ನ, ಬೆಲ್ಲ ಬಿಡಿಸಿದರು, ಕಾರ್ಖಾನೆಯ ಮೌನಪ್ಪ ಶೇಂಗಾ, ಎಣ್ಣೆ, ಮತ್ತಾರೋ ಗೋಧಿ. ನಾನೇನು ಕಡಿಮೆಯೇ? ಫೋನಿನಲ್ಲಿ ಬಂದದ್ದನ್ನು ವೇದವಾಕ್ಯವೆಂದು ನಂಬಿ, ಹಾಲು ಮೊಸರು ಬಿಡಿಸಿದೆ. ಕೊನೆಗೆ ಉಳಿದದ್ದು ಬೇಯಿಸಿದ ಸೋರೆಕಾಯಿ ಮತ್ತು ನವಣೆ ಗಂಜಿ.

ಮೂರು ಸಲ ಕೀಮೋ ಆಯಿತು. ನಾಲ್ಕನೆಯದಕ್ಕೆ ಹೋದಾಗ ಡಾಕ್ಟರು ತೂಕ ನೋಡಿ ತಲೆಯಾಡಿಸಿದರು. ಈ ಮೈ ಆ ಔಷಧಿಯನ್ನು ತಾಳದು, ತೂಕ ಏರಿಸಿಕೊಂಡು ಬನ್ನಿ ಎಂದರು. "ಕುಛ್ ಭೀ ಖಾಓ ಅಮ್ಮಾ, ಲೇಕಿನ್ ಖಾಓ", ಏನಾದರೂ ಸರಿ, ತಿನ್ನಿ ಎಂದು ಕೈಮುಗಿದರು. ಜೊತೆಗಿದ್ದವಳು ನಾನೇ. ಮರುದಿನವೇ ಸಜ್ಜಿ ರೊಟ್ಟಿ, ಗಟ್ಟಿ ಮೊಸರು ಕಟ್ಟಿಕೊಂಡು ಅವಳ ಮನೆಗೆ ಓಡಿದೆ. ಅವಳು ಡಬ್ಬಿ ಮುಟ್ಟಲಿಲ್ಲ. ಅಡುಗೆಮನೆಯ ಗೋಡೆಯ ಕ್ಯಾಲೆಂಡರನ್ನು ತಿರುವಿ ತೋರಿಸಿದಳು. ಹಿಂಬದಿಯಲ್ಲಿ, ದುಂಡನೆಯ ಅಕ್ಷರಗಳಲ್ಲಿ, ತಿನ್ನಬಾರದವುಗಳ ಪಟ್ಟಿ. ಒಂದೊಂದರ ಎದುರಿಗೂ ಹೇಳಿದವರ ಹೆಸರು. ಮೊಸರಿನ ಎದುರಿಗೆ 'ಶೈಲಕ್ಕ' ಎಂದಿತ್ತು.

"ಹೊಡದ ಹಾಕ ಅದನ್ನ. ತಿಳೀದ ಹೇಳೀನಿ ನಾ. ನನ್ನ ಬಾಯಾಗ ಮಣ್ಣ ಹಾಕ!" ಎಂದೆ.

"ಯಕ್ಕಾ, ಇಷ್ಟ್ ಮಂದಿ ಸುಳ್ಳ ಹೇಳ್ತಾರೇನ್ರಿ?" ಎಂದಳು, ಮೆಲ್ಲಗೆ. "ತಿಂದ ಮ್ಯಾಲ ಬ್ಯಾನಿ ಹೆಚ್ಚಾದ್ರ, ಮತ್ತ ನಂದ ತಪ್ಪ ಅಂತಾರ್ರಿ."

ಗಂಡ ಸೂರ್ಯಕಾಂತ ಅತ್ತು ಬೇಡಿದ. ಎರಡು ಸಲ ಕೀಮೋದ ತಾರೀಖು ಮುಂದೆ ಹೋಯಿತು. ರೋಗಕ್ಕೆ ಪಥ್ಯವಿರಲಿಲ್ಲ, ಅದು ಬೆಳೆಯಿತು. ಶ್ರಾವಣದಲ್ಲಿ ಶಿವದೇವಿ ಹೋದಳು.

ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ನಾವೇ ಬುತ್ತಿ ಹೊತ್ತು ಹೋದೆವು. ಗಂಗಾಬಾಯಿಯ ಬಿಳಿ ಅನ್ನ, ಮೌನಪ್ಪನ ಮನೆಯ ಶೇಂಗಾ ಹಿಂಡಿ, ನನ್ನ ಮೊಸರಿನ ಗಡಿಗೆ, ಎಲ್ಲವೂ ಆ ಕ್ಯಾಲೆಂಡರಿನ ಕೆಳಗೇ ಸಾಲಾಗಿ ಕೂತವು. ಎಲ್ಲರೂ ಹೊಟ್ಟೆ ತುಂಬ ಉಂಡೆವು. ಕೈ ತೊಳೆಯುತ್ತ ಯಾರೋ ಸೂರ್ಯಕಾಂತನನ್ನು ಕೇಳಿದರು: "ಕಡೀಕ ಏನ್ ತಿಂದಿದ್ರಂತರಿ ಅವರು?"

ಇಂಥ ಹೆಂಗಸರು ಪ್ರತಿ ಓಣಿಯಲ್ಲಿದ್ದಾರೆ. ಮೈಗೆ ಬಂದ ರೋಗವನ್ನು ತಾವು ಮಾಡಿದ ಅಪರಾಧವೆಂದು ಒಪ್ಪಿಕೊಂಡು, ಅಡುಗೆಮನೆಯಲ್ಲೇ ಅದರ ಪ್ರಾಯಶ್ಚಿತ್ತಕ್ಕೆ ಕೂಡುವವರು. ಅವರ ತುತ್ತನ್ನು ಅವರೇ ಬಿಟ್ಟರೆಂದು ಲೋಕ ಹೇಳುತ್ತದೆ. ಕಿತ್ತುಕೊಂಡವರ ಹೆಸರುಗಳನ್ನು ನಾನು ಓದಿದ್ದೇನೆ, ಅದರಲ್ಲಿ ಒಂದು ನನ್ನದು.