ಅಣ್ಣ ಹೊತ್ತು ತಂದ ಮನುಷ್ಯ

ಹೃದಯದ ಆಪರೇಶನ್‌ಗೆಂದು ನಾವು ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಗೆ ಸೇರಿಸಿದ್ದ ವಿಲ್ಸನ್ ಡಿಸೋಜ ಬುಧವಾರ ಬೆಳಿಗ್ಗೆ ಮಂಚದ ಮೇಲಿರಲಿಲ್ಲ. ಚಾ ಕುಡಿಯಲು ಹೋಗಿರಬೇಕೆಂದು ನರ್ಸ್ ಹೇಳಿದಳು. ನನಗೆ ಗೊತ್ತಾಗಿಹೋಯಿತು, ಆಸಾಮಿ ಪರಾರಿ.

ಈ ವಿಲ್ಸನ್ ನಮಗೆ ನೆಂಟನೂ ಅಲ್ಲ, ನೆರೆಯವನೂ ಅಲ್ಲ. ಕಾರ್ಗಿಲ್ ಯುದ್ಧದಲ್ಲಿ ನನ್ನ ಅಣ್ಣ ರಂಜನ್ ಬೆನ್ನ ಮೇಲೆ ಹೊತ್ತು ಬೆಟ್ಟ ಇಳಿಸಿದ ಗಾಯಾಳು. ಇವನು ಬದುಕಿದ, ಅಣ್ಣ ಸತ್ತ. ಅಣ್ಣನ ಪದಕ ಇಲ್ಲೇ ನಮ್ಮ ಮನೆಯ ಗೋಡೆಯಲ್ಲಿದೆ. ಇವನು ಪ್ರತಿವರ್ಷ ಜುಲೈಯಲ್ಲಿ, ಅಣ್ಣ ಸತ್ತ ದಿನಕ್ಕೆ, ಕೊಚ್ಚಿಯಿಂದ ನೇಂದ್ರ ಬಾಳೆಯ ಚಿಪ್ಸ್ ಹಿಡಿದು ಬರುತ್ತಾನೆ.

ಬಂದ ಕೂಡಲೇ ಅಮ್ಮ ಅವನನ್ನು ತೂಕದ ಮೆಷಿನ್ ಮೇಲೆ ನಿಲ್ಲಿಸುತ್ತಾಳೆ. ಅಣ್ಣ ಹೊತ್ತಾಗ ಐವತ್ತೆಂಟು ಕಿಲೋ ಇದ್ದನಂತೆ. ಹೋದ ವರ್ಷ ತೊಂಬತ್ತಾರು.

"ಈಗ ಆಗಿದ್ರೆ ನಮ್ಮ ರಂಜ ನಿನ್ನನ್ನು ಅಲ್ಲೇ ಬಿಟ್ಟು ಬರ್ತಿದ್ದ!" ಎಂದು ಬೈಯುತ್ತಾಳೆ. ಬೈದು ಮುಗಿಸಿ ಹನ್ನೊಂದು ನೀರುದೋಸೆ ಬಡಿಸುತ್ತಾಳೆ. ನಾನು ಸೆಕ್ರೆಟೇರಿಯಟ್‌ನಲ್ಲಿ ಕಾನೂನು ಕಡತ ನೋಡುವವಳು, ಪಕ್ಷಪಾತ ನನ್ನ ಜಾಯಮಾನವಲ್ಲ. ಆದರೂ ಈ ಮನುಷ್ಯ ಹನ್ನೊಂದನೆಯ ದೋಸೆಗೆ ಕೈ ಹಾಕಿದಾಗ, ಅಣ್ಣ ಸತ್ತದ್ದು ಇದಕ್ಕೇನಾ ಎಂದು ಮೈಯೆಲ್ಲ ಉರಿಯುತ್ತದೆ.

ಡಾಕ್ಟರ್ ಒಪ್ಪಿಗೆ ಪತ್ರವನ್ನು ನಮ್ಮ ಕೈಗೇ ಕೊಟ್ಟರು. ಶುಕ್ರವಾರದೊಳಗೆ ಸಹಿ ಬೀಳಬೇಕು, ತಡವಾದರೆ ಈ ಹೃದಯವನ್ನು ನೆಚ್ಚುವ ಹಾಗಿಲ್ಲ ಎಂದರು. ಎಪ್ಪತ್ತಾರರ ಅಮ್ಮ ಪತ್ರವನ್ನು ಬ್ಯಾಗಿಗೆ ತುರುಕಿದಳು.

"ನಡಿ, ಕೊಚ್ಚಿಗೆ."

"ಪೊಲೀಸರಿಗೆ ಹೇಳುವ ಅಮ್ಮ."

"ಪೊಲೀಸರು ಎಂತಕ್ಕೆ? ನಾನಿಲ್ವಾ?"

ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್‌ನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆಗಿರುವ ವಿಲ್ಸನ್, ಪಾಲಾರಿವಟ್ಟಂನ ಬಾಡಿಗೆ ಮನೆಯಲ್ಲಿ ಒಬ್ಬನೇ ಇರುತ್ತಾನೆ. ಮಧ್ಯಾಹ್ನ ಅವನು ಬಾಗಿಲು ತೆರೆದಾಗ ಒಂದು ಕೈಯ ಮಣಿಕಟ್ಟಿನಲ್ಲಿ ಆಸ್ಪತ್ರೆಯವರು ಕಟ್ಟಿದ ಹೆಸರಿನ ಪಟ್ಟಿ, ಇನ್ನೊಂದು ಕೈಯಲ್ಲಿ ಪರೋಟ. ಅಮ್ಮ ಪರೋಟ ಕಸಿದು ನನಗೆ ಕೊಟ್ಟಳು. ಏನು ಮಾಡುವುದೆಂದು ತಿಳಿಯದೆ ಹಿಡಿದುಕೊಂಡೇ ನಿಂತೆ.

"ಎಂತದಾ ನಿಂದು? ಗುಂಡಿಗೆ ಹೆದರದವನು ಡಾಕ್ಟರಿಗೆ ಹೆದರುದಾ?"

"ಹೆದರಿ ಬಂದದ್ದಲ್ಲ ಅಮ್ಮ. ಇಷ್ಟೆಲ್ಲ ಮಾಡಿ ಬದುಕುವ ಯೋಗ್ಯತೆ ನಂಗಿಲ್ಲ." ವಿಲ್ಸನ್ ನೆಲ ನೋಡುತ್ತ ಹೇಳಿದ. "ಪದಕದ ಒಟ್ಟಿಗೆ ಬಂದ ಕಾಗದದಲ್ಲಿ ನಂಗೆ ಪ್ರಜ್ಞೆ ಇರ್ಲಿಲ್ಲ ಅಂತ ಉಂಟಲ್ಲ, ಅದು ಸುಳ್ಳು. ಗುಂಡು ತಾಗಿದ್ದು ತೋಳಿಗೆ. ಹೆದರಿಕೆಗೆ, ನಡೀಲಿಕ್ಕೆ ಆಗುದಿಲ್ಲ ಅಂತ ಹೇಳಿದೆ. ರಂಜಣ್ಣ ಬಗ್ಗಿ ಬೆನ್ನು ಕೊಟ್ರು. ಕೆಳಗೆ ಬಂಡೆಯ ಹಿಂದೆ ನನ್ನನ್ನು ಇಳಿಸಿ, ಬೆನ್ನು ನೆಟ್ಟಗೆ ಮಾಡ್ಲಿಕ್ಕೆ ಒಮ್ಮೆ ಎದ್ದು ನಿಂತ್ರು. ಆಗಲೇ ಗುಂಡು ಬಂತು. ನಾನು ನಡೆದಿದ್ರೆ ಅವ್ರು ಇರ್ತಿದ್ರು ಅಮ್ಮ."

ಇಪ್ಪತ್ತೈದು ವರ್ಷದ ನನ್ನ ಸಿಟ್ಟಿಗೆ ಕೊನೆಗೂ ಸಾಕ್ಷಿ ಸಿಕ್ಕಿತ್ತು. ಪರೋಟವನ್ನು ಅವನ ಮುಖಕ್ಕೆಸೆದು ಬಾಯಿಗೆ ಬಂದಂತೆ ಬೈಯಲು ಸಜ್ಜಾದೆ.

ಅಮ್ಮ ಕುರ್ಚಿ ಎಳೆದು ಕೂತಳು. ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿ ಕೇಳಿದಳು: "ನಡೀಲಿಕ್ಕೆ ಆಗುದಿಲ್ಲ ಅಂತ ಹೇಳಿದ್ದಾ?"

"ಹೌದಮ್ಮ."

ಅಮ್ಮ ನನ್ನ ಕಡೆ ಬೆರಳು ಮಾಡಿದಳು. "ಇವಳು ಐದನೇ ಕ್ಲಾಸಿನವರೆಗೆ ದಿನಾ ಅದನ್ನೇ ಹೇಳ್ತಿದ್ದಳು! ಶಾಲೆಯಿಂದ ಬರುವಾಗ ತೋಡಿನ ನೀರಿನ ಹತ್ರ ಕೂತ್ರೆ ಆಯ್ತು, 'ಅಣ್ಣ, ನಡೀಲಿಕ್ಕೆ ಆಗುದಿಲ್ಲ'. ಅಂಗಳದಲ್ಲಿ ಇಳಿಸಿದ್ರೆ ಓಟವೇ ಓಟ. ನಾನು ಬೈದ್ರೆ ರಂಜ, 'ಇರ್ಲಿ ಅಮ್ಮ, ಗೊತ್ತುಂಟು ನಂಗೆ' ಅಂತಿದ್ದ. ತೋಳಿಗೆ ಪೆಟ್ಟಾದವನ ಕಾಲು ನಡೀತದೆ ಅಂತ ತಿಳಿಯದಷ್ಟು ದಡ್ಡನಾ ನನ್ನ ಮಗ? ನಿಂದೂ ಗೊತ್ತಿತ್ತು ಅವನಿಗೆ. ಗೊತ್ತಿದ್ದೇ ಹೊತ್ತದ್ದು."

ವಿಲ್ಸನ್ ಅಳತೊಡಗಿದ. ದೊಡ್ಡ ಶರೀರ, ಅಳುವೂ ದೊಡ್ಡದೇ. ಬೈಯಲು ತೆರೆದ ಬಾಯಲ್ಲಿ ನನಗೂ ಅಳುವೇ ಬಂತು. ಅಣ್ಣನ ಬೆನ್ನಿನ ಬೆವರು, ಅವನು ಬೇಕೆಂದೇ ಎಡವಿದಂತೆ ಮಾಡಿ ನನ್ನನ್ನು ಹೆದರಿಸುತ್ತಿದ್ದದ್ದು, ಎಲ್ಲ ಒಟ್ಟಿಗೆ ನೆನಪಾಯಿತು.

ಅಮ್ಮ ಪತ್ರ ತೆಗೆದು ಅವನ ಮುಂದಿಟ್ಟಳು. ಅವನು ಪೆನ್ನು ಹಿಡಿದೇ ಕೂತ.

"ಸಹಿ ಹಾಕು ಮಾರಾಯ," ಎಂದೆ ನಾನು. "ನೀನೂ ಹೋದ್ರೆ, ಅಣ್ಣನ ಬೆನ್ನ ಮೇಲೆ ಕೂತು ಬಂದವರಲ್ಲಿ ನಾನೊಬ್ಬಳೇ ಉಳೀತೇನೆ."

ವಿಲ್ಸನ್ ಸಹಿ ಹಾಕಿದ.