ಎಡಗಡೆಯಿಂದ ಬಂದ ‘ಆಯ್ತು’

ಲೊಟಕ್ — ಮತ್ತೆ ಅದೇ, ಮುಂದಿನ ಎಡ ಚಕ್ರದ ಹತ್ತಿರ, ಅಕ್ಕ ಪಿಕಪ್ಪನ್ನು ಗ್ಯಾರೇಜಿನ ಮುಂದಿನ ಚರಂಡಿಯ ಹಾಸುಗಲ್ಲು ದಾಟಿಸುವಾಗ ಒಂದೇ ಒಂದು ಸಲ, ಲೊಟಕ್, ಅವನ ಕೈಯಲ್ಲಿದ್ದ ಚಹಾ ತುಳುಕಿತು, ಏನೂ ಆಗದವನಂತೆ ಲೋಟವನ್ನು ಬೆಂಚಿನ ಮೇಲಿಟ್ಟ, ಅಕ್ಕ ಕೆಳಗಿಳಿದು ಭಾವನ ಹಳೆಯ ಖಾಕಿ ಅಂಗಿಯ ತೋಳು ಮಡಚುತ್ತ, ಕೇಳಿಸ್ತೇನೋ, ಮೂರ್ನಾಲ್ಕು ದಿನದಿಂದ ಹೀಗೇ ರಾಗ ಎಳೀತಿದೆ, ನಾಳೆ ನೀರಿನ ಕ್ಯಾನ್ ತುಂಬ್ಕೊಂಡು ಇಳಿಜಾರು ಇಳೀಬೇಕು, ಇವತ್ತೇ ನೋಡ್ಬಿಡು — ಇಳಿಜಾರು, ಆ ಮಾತನ್ನು ಎಷ್ಟು ಸಲೀಸಾಗಿ ಆಡುತ್ತಾಳೆ, ಭಾವ ಹೋದದ್ದು ಅದೇ ಇಳಿಜಾರಿನಲ್ಲಿ, ಇದೇ ಗಾಡಿಯಲ್ಲಿ, ಇದೇ ಎಡ ಚಕ್ರ ಮಡಚಿಕೊಂಡು. ಗುಜರಿಗೆ ಹಾಕು ಎಂದು ಎಲ್ಲರೂ ಬಡಿದುಕೊಂಡರೂ ಕೇಳದೆ ರಿಪೇರಿ ಮಾಡಿಸಿದಳು, ಅನ್ನ ಕೊಡೋ ಗಾಡಿ ಕಣೋ, ಅದೇನು ಮಾಡುತ್ತೆ ಪಾಪ, ಗುಂಡಿ ಇದ್ದದ್ದು ರಸ್ತೇಲಿ. ಗುಂಡಿ, ಇರಲಿ, ಅವಳ ಮಟ್ಟಿಗೆ ಗುಂಡಿಯೇ ಇರಲಿ.

ಬಾನೆಟ್ ಮೇಲೆ ಭಾರ ಹಾಕಿ ಕುಲುಕಕ್ಕ ಎಂದು ಅವನು ಚಕ್ರದ ಹಿಂದೆ ಕೈ ತೂರಿಸಿದ, ಗಾಡಿ ಏಳುತ್ತ ಬೀಳುತ್ತ, ಬೆರಳು ಒಂದೊಂದೇ ಭಾಗ ಮುಟ್ಟುತ್ತ, ಈ ವಿದ್ಯೆಯೂ ಭಾವನದೇ, ಕಿರ್ರ್ ಅಂದ್ರೆ ರಬ್ಬರ್ ಬುಶ್ ಒಣಗಿದೆ, ಅತ್ತೆ ಗೊಣಗೋ ಸದ್ದು, ಟಕಟಕ ಅಂದ್ರೆ ಲಿಂಕ್ ರಾಡು, ಸೊಸೆ ಪಾತ್ರೆ ಕುಕ್ಕೋ ಸದ್ದು, ಎರಡಕ್ಕೂ ಹೆದರ್ಬೇಡ, ಲೊಟಕ್ ಅಂದ್ರೆ ಮಾತ್ರ ಬಾಲ್ ಜಾಯಿಂಟು, ಅದು ಮನೆ ಬಿಟ್ಟು ಹೋಗೋರು ಬಾಗಿಲು ಹಾಕೋ ಸದ್ದು ಕಣೋ — ಹೇಳಿ ತಾವೇ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು — ಬುಶ್ಶಿನಲ್ಲಿ ಏನಿಲ್ಲ, ರಾಡಿನಲ್ಲಿ ಏನಿಲ್ಲ, ಕೆಳಗೆ, ಚಕ್ರವನ್ನು ಹಿಡಿದಿಡುವ ಆ ಗುಂಡು ಕೀಲಿನ ಮೇಲೆ ಬೆರಳಿಟ್ಟಾಗ ಅಂಗೈಗೆ ಗುದ್ದಿತು, ಲೊಟಕ್. ಜಾಕ್ ಕೊಟ್ಟು ಚಕ್ರ ಬಿಚ್ಚಿ ಸನ್ನೆಗೋಲಿನಿಂದ ಎತ್ತಿ ನೋಡಿದ, ಕೀಲು ಹಾಲುಹಲ್ಲಿನ ಹಾಗೆ ಅಲುಗಾಡುತ್ತಿತ್ತು. ಒಂದು ಹೋದ್ರೆ ಇನ್ನೊಂದೂ ಹೋಗುತ್ತೆ, ಬಲಗಡೆಯದನ್ನೂ ಬದಲಾಯಿಸಿಬಿಡು, ಎಡಗಡೆ ನೀನು ಕೂರಿಸಿಕೊಡು, ಮಿಕ್ಕಿದ್ದು ನಾನು ನೋಡ್ಕೋತೀನಿ, ಅಕ್ಕ ಅಂದಳು, ಈಗ ಅವಳೂ ಅರ್ಧ ಮೆಕ್ಯಾನಿಕ್ಕು, ಅವನು ಹೊಸದನ್ನು ಕೂರಿಸಿ ನಟ್ಟು ಬೆರಳಲ್ಲೇ ತಿರುಗಿಸಿ ಬಲಗಡೆಗೆ ಬಂದ.

ಅವತ್ತೂ ಹೀಗೇ, ಅವನು ಬಲಗಡೆ, ಭಾವ ಎಡಗಡೆ, ನಡುವೆ ಗಾಡಿ, ಮುಖ ಕಾಣದು, ನಟ್ಟು ಬಿಗಿ ಮಾಡಿ ಪಿನ್ ಹಾಕಿ ಭಾವ, ಎಂದ, ಆಯ್ತು, ಅಂದರು, ಅಷ್ಟೇ, ಅವರಿಗೆ ಫೋನು ಬಂತು, ಮಾತಾಡುತ್ತ ಹೋದರು, ಬಂದು ಚಕ್ರ ಹಾಕಿದರು, ಅವನು ಜಾಕ್ ಇಳಿಸಿದ. ಹಾಳು ಮಾತು, ಮುಗಿಯಿತು ಅನ್ನೋದಕ್ಕೂ ಆಯ್ತು, ಆಗಲಿ ಮಾಡ್ತೀನಿ ಅನ್ನೋದಕ್ಕೂ ಆಯ್ತು, ಅವನ ಕಿವಿಗೆ ಬಿದ್ದದ್ದು ಒಂದು, ಭಾವ ಆಡಿದ್ದು ಯಾವುದೋ. ಆಸ್ಪತ್ರೆಯ ನರ್ಸು ಬಟ್ಟೆಯ ಗಂಟು ಕೊಟ್ಟಾಗ ಅಕ್ಕ ಗೋಡೆಗೆ ಮುಖ ಮಾಡಿದ್ದಳು, ಬಿಚ್ಚಿದವನು ಅವನೇ, ಅಂಗಿಯ ಜೇಬಿನಲ್ಲಿ ಪಿನ್ನು. ನಟ್ಟಿನ ತೂತಿಗೆ ತೂರಿಸಿ ಎರಡೂ ಕಾಲು ಬಗ್ಗಿಸಿದರೆ ನಟ್ಟು ಸಡಿಲವಾಗುವ ಮಾತೇ ಇಲ್ಲ, ಆದರೆ ಜೇಬಿನಲ್ಲಿದ್ದದ್ದು ನೆಟ್ಟಗೆ, ಕಾಲು ಬಗ್ಗಿಸದ ಪಿನ್ನು — ಒಂದು ಹೆಚ್ಚಿಗೆ ಇಟ್ಟುಕೊಂಡಿದ್ದರೇನೋ, ಇದ್ದರೂ ಇರಬಹುದು, ಇಲ್ಲ, ಹಾಗಂತ ಎಷ್ಟು ಸಲ ತನಗೆ ತಾನೇ ಹೇಳಿಕೊಳ್ಳುವುದು, ನಿನ್ನ ಗಂಡ ತಾನೇ ಪಿನ್ ಹಾಕಲು ಮರೆತ ಎಂದು ಅಕ್ಕನಿಗೆ ಯಾವ ಬಾಯಲ್ಲಿ ಹೇಳುವುದು, ಗುಂಡಿಯೇ ಇರಲಿ.

ಬಲಗಡೆಯ ಪಿನ್ನಿನ ಕಾಲು ಬಗ್ಗಿಸಿ, ಇನ್ನೊಮ್ಮೆ ಎಳೆದು ನೋಡಿ, ಅಕ್ಕಾ ನಟ್ಟು ಬಿಗಿ ಮಾಡಿ ಪಿನ್ ಹಾಕು, ಬಾಯಿಂದ ಬಂದೇ ಬಿಟ್ಟಿತು, ಅದೇ ಮಾತು, ಆ ಕಡೆಯಿಂದ, ಆಯ್ತು. ಅವನ ಕೈ ಅಲ್ಲೇ ನಿಂತಿತು. ಚಕ್ರ ಹೊರಳಿಸುವ ಸದ್ದು, ಅದನ್ನು ಎತ್ತಿ ಕೂರಿಸುವ ಉಸಿರು, ಪಾನಾ ಕೈಯಿಂದ ಜಾರಿ ನೆಲಕ್ಕೆ ಬಿತ್ತು, ಗಾಡಿ ಸುತ್ತಿ ಓಡಿದ, ಹಾಕಿದ್ಯಾ ಅಕ್ಕ, ಆಯ್ತು ಅಂದೆನಲ್ಲೋ, ಯಾವ ಆಯ್ತು, ಮುಗೀತು ಅನ್ನೋ ಆಯ್ತಾ ಮಾಡ್ತೀನಿ ಅನ್ನೋ ಆಯ್ತಾ, ಅಯ್ಯೋ ನಿಂಗೆ ತಲೆ ಕೆಟ್ಟಿದ್ಯೇನೋ, ನಕ್ಕಳು, ನಗುತ್ತಲೇ ಕೈ ಅಂಗಿಯ ಜೇಬಿಗೆ ಹೋಯಿತು, ನಗು ಅರ್ಧಕ್ಕೆ ನಿಂತಿತು, ಅಯ್ಯೋ ಮರೆತೇಬಿಟ್ಟಿದ್ದೆ ನೋಡು, ಹಾಕ್ತೀನಿ ಬಿಡು, ಯಾಕೋ ಹೀಗೆ ಬೆವರ್ತಿದ್ದೀಯ, ಒಂದು ಪಿನ್ ತಾನೇ ಕಣೋ — ಭಾವನ ಅಂಗಿ, ಭಾವನ ಜೇಬು, ಅಕ್ಕನ ಅಂಗೈ, ಅದರ ಮೇಲೆ ಪಿನ್ನು, ಒಂದು ಪಿನ್ ತಾನೇ, ನೆಟ್ಟಗೆ, ಕಾಲು ಬಗ್ಗಿಸದ ಪಿನ್ನು, ನೆಟ್ಟಗೆ —